ಮೋರಿಯ ಹತ್ತಿರ ಎರಡು ನಿಮಿಷ

ದೀಪಾವಳಿ ಕಳೆದ ಮರುವಾರ ಪುತ್ತೂರಿನ ದರ್ಬೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಚಪ್ಪಾಳೆ ತಟ್ಟಿದೆ.

ಲೈಟ್ ಆರಿಸಿದ ಕೋಣೆ. ಮಂಚದ ಮೇಲೆ ನನ್ನ ಸ್ನೇಹಿತ ಹಸನಬ್ಬ ಲುಂಗಿಯನ್ನು ತೊಡೆಯ ತನಕ ಎತ್ತಿಕೊಂಡು ಮಲಗಿದ್ದರು. ಡಾಕ್ಟರಮ್ಮ ಅವರ ಎಡಗಾಲಿಗೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿದ್ದ ಸಣ್ಣ ಉಪಕರಣವನ್ನು ಒತ್ತಿ ಒತ್ತಿ ಕೆಳಗೆ ಇಳಿಸುತ್ತಿದ್ದರು. ಅದು ಶಬ್ದದ ಅಲೆ ಕಳಿಸುತ್ತದಂತೆ. ಓಡುವ ರಕ್ತಕ್ಕೆ ತಾಗಿ ವಾಪಸು ಬಂದ ಅಲೆಯಿಂದ ರಕ್ತದ ವೇಗ ಎಷ್ಟೆಂದು ಲೆಕ್ಕ ಹಾಕುತ್ತದಂತೆ. ಡಾಪ್ಲರ್ ಅಂತ ಹೆಸರು.

ಪರದೆಯ ಮೇಲೆ ಅಂಕಿ ಕಾಣುತ್ತಿತ್ತು. ತೊಡೆಯ ಮೇಲ್ಭಾಗದಲ್ಲಿ ಸೆಕೆಂಡಿಗೆ ತೊಂಬತ್ತು ಚಿಲ್ಲರೆ ಸೆಂಟಿಮೀಟರ್. ಉಪಕರಣ ನಾಲ್ಕು ಬೆರಳು ಕೆಳಗೆ ಹೋಯಿತು. ಅಂಕಿ ಸರ್ರನೆ ಏರಿತು. ಮುನ್ನೂರ ನಲವತ್ತು!

"ಭೇಷ್ ಹಸನಬ್ಬ! ನೀವು ಲೋಕಲ್, ನಿಮ್ಮ ರಕ್ತ ಎಕ್ಸ್‌ಪ್ರೆಸ್!" ಎಂದು ಎರಡು ಸಲ ಚಪ್ಪಾಳೆ ತಟ್ಟಿಬಿಟ್ಟೆ.

ಹಸನಬ್ಬ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ನನ್ನನ್ನು ಒಮ್ಮೆ ನೋಡಿ, ಮತ್ತೆ ಪರದೆಗೆ ತಿರುಗಿ, ಅದೇ ಜಾಗವನ್ನು ಇನ್ನೊಮ್ಮೆ ಅಳೆದರು.

(ಕಳೆದ ಎರಡು ವಾರ ಈ ಅಂಕಣ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಫೋನ್ ಮಾಡಿ ಆರೋಗ್ಯ ವಿಚಾರಿಸಿದವರಿಗೆಲ್ಲ ವಂದನೆ. ನನಗೆ ಏನೂ ಆಗಿರಲಿಲ್ಲ.)

ಹಳೆಯ ಓದುಗರಿಗೆ ನನ್ನ ಕೆಲಸ ಗೊತ್ತು. ಮೂವತ್ತಮೂರು ವರ್ಷ ಬಸ್ ನಿಲ್ದಾಣಗಳಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ಮೊದಲು ಸುಳ್ಯ, ಆಮೇಲೆ ಪುತ್ತೂರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು, ತಡವಾದರೆ ಎಷ್ಟು ನಿಮಿಷ, ಯಾಕೆ. ಇಷ್ಟೇ ಕೆಲಸ. ರಿಜಿಸ್ಟರಿನಲ್ಲಿ ಕೊನೆಯ ಕಾಲಂ 'ಕಾರಣ'. ಅದನ್ನು ಖಾಲಿ ಬಿಡುವ ಹಾಗಿಲ್ಲ. ಟಯರ್ ಪಂಕ್ಚರ್, ದನ ಅಡ್ಡ, ರಸ್ತೆಯಲ್ಲಿ ಮರ. ಏನಾದರೊಂದು ಬರೆಯಲೇಬೇಕು.

ನಿವೃತ್ತಿಯಾದ ಮೇಲೆ ಬಸ್ಸು ಹೋಯಿತು. ರಿಜಿಸ್ಟರ್ ಹೋಗಲಿಲ್ಲ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ನಾಲ್ಕೂ ಮುಕ್ಕಾಲಿಗೆ ಏಳುವುದು. ಐದೂ ಐವತ್ತಕ್ಕೆ ವಾಕಿಂಗ್. ಆರೂ ನಲವತ್ತೈದಕ್ಕೆ ವಾಪಸು. ಎಲ್ಲವೂ ಅದರಲ್ಲಿ.

ವಾಕಿಂಗಿಗೆ ಜೊತೆ ಹಸನಬ್ಬ. ಈಶ್ವರಮಂಗಲದವರು. ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದು, ದರ್ಬೆಯಲ್ಲಿ ಬಟ್ಟೆ ಅಂಗಡಿ ಇಟ್ಟು, ಈಗ ಅದನ್ನು ಅಳಿಯನಿಗೆ ಬಿಟ್ಟುಕೊಟ್ಟವರು. ಬೆಳಗಿನ ನಮಾಜು ಮುಗಿಸಿ ಬಂದು ತಮ್ಮ ಮನೆಯ ಗೇಟಿನಲ್ಲಿ ಟೊಪ್ಪಿ ಸರಿ ಮಾಡುತ್ತ ನಿಂತಿರುತ್ತಿದ್ದರು. ನಾನು ಬರುವುದು ಕಂಡ ಕೂಡಲೇ, "ಬಂತು ಬಂತು, ಕಂಟ್ರೋಲ್ರ ಬಸ್ಸು ಬಂತು" ಎನ್ನುತ್ತಿದ್ದರು. ಅಲ್ಲಿಂದ ಟ್ರಾನ್ಸ್‌ಫಾರ್ಮರ್, ಹಾಲಿನ ಸೊಸೈಟಿ, ಮೋರಿ, ಏರು ದಾರಿ, ಮೇಲಿನ ಅಶ್ವತ್ಥ ಕಟ್ಟೆ. ಕಟ್ಟೆ ಮುಟ್ಟಿ ವಾಪಸು. ಕೊನೆಗೆ ಅವರ ಮನೆ ಮುಂದಿನ ಸಿಟೌಟಿನಲ್ಲಿ ಕೂತು ಹಾಲು ಹಾಕದ ಚಾ.

ಒಬ್ಬರು ಸಮಯ ನೋಡುವವರು, ಇನ್ನೊಬ್ಬರು ಜನ ನೋಡುವವರು. ಜೋಡಿ ಸರಿಯಾಗಿಯೇ ಇತ್ತು.

ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಹಸನಬ್ಬ ರಸ್ತೆಯಡಿ ತೋಡು ಹಾಯುವ ಮೋರಿಯ ಹತ್ತಿರ ನಿಂತರು.

"ಎಂತ?" ಎಂದೆ.

"ನೀರು ನೋಡುದು ಮಾರಾಯ್ರೆ. ಎಷ್ಟು ಚಂದ ಹೋಗ್ತಾ ಉಂಟು."

ಎರಡು ನಿಮಿಷ ನೀರು ನೋಡಿದರು. ಆಮೇಲೆ ಚುರುಕಾಗಿಯೇ ನಡೆದರು. ನಾನು ಮನೆಗೆ ಬಂದು ಬರೆದೆ: ನಿಲುಗಡೆ ಒಂದು. ಮೋರಿ. ಆರು ನೂರ ಇಪ್ಪತ್ತು ಹೆಜ್ಜೆ. ಎರಡು ನಿಮಿಷ. ಕಾರಣ: ಹರಟೆ.

(ಹೌದು, ಹೆಜ್ಜೆಯನ್ನೂ ಎಣಿಸುತ್ತೇನೆ. ಕೆಲವರು ಬೆರಳು ಮುರಿಯುತ್ತಾರೆ, ನಾನು ಎಣಿಸುತ್ತೇನೆ.)

ಮರುದಿನವೂ ನಿಂತರು. ಅದರ ಮರುದಿನವೂ. ಜನವರಿ ಹೊತ್ತಿಗೆ ಮೊದಲ ನಿಲುಗಡೆ ಹಾಲಿನ ಸೊಸೈಟಿಗೆ ಬಂತು. ಅಲ್ಲಿ ಕ್ಯಾನು ಹಿಡಿದು ಬಂದವರಿಗೆಲ್ಲ ಸಲಾಂ, ಯಾರ ಮಗಳಿಗೆ ಎಷ್ಟು ಮಾರ್ಕು, ಯಾರ ದನ ಕರು ಹಾಕಿತು. ಮೋರಿಯಲ್ಲಿ ಎರಡನೇ ನಿಲುಗಡೆ. ಎಪ್ರಿಲಿನಲ್ಲಿ ಒಂದು ದಿನ ಅಲ್ಲಿ ಸಿಮೆಂಟಿನ ತಡೆಗೋಡೆ ಹಿಡಿದು ಬಗ್ಗಿ ನೋಡುತ್ತ ನಿಂತುಬಿಟ್ಟರು.

"ಈಗ ಎಂತ ನೋಡುದು?"

"ಮೀನುಂಟು."

"ಹಸನಬ್ಬ, ನೀರೇ ಇಲ್ಲ!"

"ಅದೇ ಮಾರಾಯ್ರೆ. ಪಾಪ, ಮೀನು ಎಲ್ಲಿಗೆ ಹೋಗಿರ್ಬಹುದು ಅಂತ."

ನಾನು ಅದನ್ನೂ ಬರೆದೆ. ಕಾರಣ: ಮೀನು.

ಈಗ ಆ ಪುಟ ತೆರೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ. ದುಂಡಗೆ ಬರೆದಿದ್ದೇನೆ. ಆ ದಿನ ಅವರ ಹಣೆಯಲ್ಲಿ ಬೆವರು ಇತ್ತೇ? ತಡೆಗೋಡೆಯನ್ನು ಹಿಡಿದ ಕೈ ಬಿಗಿಯಾಗಿತ್ತೇ? ಅದು ಬರೆದಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಮಳೆಗಾಲದಲ್ಲಿ ಮೊದಲ ನಿಲುಗಡೆ ಟ್ರಾನ್ಸ್‌ಫಾರ್ಮರಿಗೆ ಬಂತು. ಇನ್ನೂರು ಹೆಜ್ಜೆ. ಅಲ್ಲಿ ನೋಡಲು ಏನಿದೆ? ಅಪಾಯದ ಬೋರ್ಡು ಬಿಟ್ಟರೆ ಏನೂ ಇಲ್ಲ. ಹಸನಬ್ಬ ಕೊಡೆ ಹಿಡಿದು ಆ ಬೋರ್ಡನ್ನೇ ಓದುತ್ತ ನಿಲ್ಲುತ್ತಿದ್ದರು. ನಾನು ಬಾಯಲ್ಲಿ ಸೀಟಿ ಊದಿ, "ಸುಳ್ಯ, ಮಡಿಕೇರಿ, ಮೈಸೂರು! ಹತ್ತುವವರು ಬೇಗ ಹತ್ತಿ!" ಎಂದು ಕೂಗುತ್ತಿದ್ದೆ. ಅವರು ನಗುತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಮತ್ತೆ ನಿಲ್ಲುತ್ತಿದ್ದರು.

ಅಕ್ಟೋಬರಿನಲ್ಲಿ ಟ್ರಾನ್ಸ್‌ಫಾರ್ಮರಿಗಿಂತ ಮೊದಲೂ ಒಮ್ಮೆ ನಿಲ್ಲತೊಡಗಿದಾಗ ನನಗೆ ತಾಳ್ಮೆ ಮುಗಿಯಿತು. "ನಾನು ಕಟ್ಟೆಗೆ ಹೋಗಿ ಬರ್ತೇನೆ, ನೀವು ನಿಮ್ಮ ಬೋರ್ಡು ಓದಿ ಮುಗಿಸಿ" ಎಂದೆ.

"ಹೋಗಿ ಹೋಗಿ. ನಾನು ಇಲ್ಲೇ ಇದ್ದೇನೆ. ಎಲ್ಲಿಗೂ ಹೋಗುದಿಲ್ಲ."

ಹೋದೆ. ಒಬ್ಬನೇ ನಡೆದದ್ದರಿಂದ ನಾಲ್ಕು ನಿಮಿಷ ಉಳಿಯಿತು. ಆ ದಿನದ ಪುಟದಲ್ಲಿ ಒಂದೇ ಸಾಲು ಇದೆ: ಸಮಯಕ್ಕೆ ಸರಿಯಾಗಿ ಹೊರಟೆ.

ಹೀಗಿರುವಾಗ ದೀಪಾವಳಿಯ ಮರುದಿನ ಹಸನಬ್ಬರ ಹೆಂಡತಿ ನೆಬಿಸಾ ಗೇಟಿನ ಹತ್ತಿರ ನನ್ನನ್ನು ತಡೆದರು. ಧ್ವನಿ ತಗ್ಗಿಸಿ ಮಾತಾಡಿದರು.

"ಕಂಟ್ರೋಲ್ರೆ, ಇವರ ಕಾಲಿನ ಹೆಬ್ಬೆರಳು ನೋಡಿದ್ರಾ? ಹೊಸ ಚಪ್ಪಲು ಕಚ್ಚಿದ್ದು ಅಂತ ಹೇಳ್ತಾರೆ. ಒಂದು ತಿಂಗಳಾಯ್ತು. ಗುಣ ಆಗುದಿಲ್ಲ. ಈಗ ಕಪ್ಪಾಗ್ತಾ ಉಂಟು. ಡಾಕ್ಟರ ಹತ್ರ ಹೋಗುವ ಅಂದ್ರೆ ನನಗೇ ಬಯ್ತಾರೆ. ನೀವು ಹೇಳಿದ್ರೆ ಕೇಳ್ತಾರೆ."

ನಾನು ನೋಡಿರಲಿಲ್ಲ. ಪ್ರತಿದಿನ ಐವತ್ತೈದು ನಿಮಿಷ ಅವರ ಕಾಲಿನ ಪಕ್ಕದಲ್ಲೇ ನಡೆದಿದ್ದೆ. ಕಾಲು ನೋಡಿರಲಿಲ್ಲ.

ನಮ್ಮ ವಠಾರದ ಡಾಕ್ಟರು ಹಸನಬ್ಬರ ಪಾದ ಮುಟ್ಟಿ ನೋಡಿದರು. ಪಾದದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಏನನ್ನೋ, ನಾಡಿ ಇರಬೇಕು, ಹುಡುಕಿದರು. ಸಿಗಲಿಲ್ಲ ಎಂದು ಕಾಣುತ್ತದೆ. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂದು ಕೇಳಿದರು. "ಗಲ್ಫಿನಲ್ಲಿ ಸಿಗರೇಟು ಎಷ್ಟು ಸೇದ್ತಿದ್ರಿ?" ಎಂದು ಕೇಳಿದರು. ಚೀಟಿ ಬರೆದು ಕೊಟ್ಟರು. ಹಾಗೆ ನಾವು ಸ್ಕ್ಯಾನಿಂಗ್ ಸೆಂಟರಿಗೆ ಹೋದದ್ದು.

ಅಲ್ಲಿ ಕಾಯುವವರೆಲ್ಲ ಬಸುರಿಯರು. ನಡುವೆ ನಾವಿಬ್ಬರು ಮುದುಕರು. ಗೋಡೆಯಲ್ಲಿ ದೊಡ್ಡ ಬೋರ್ಡು, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅಂತ. ಹಸನಬ್ಬ ಅದನ್ನೂ ಪೂರ್ತಿ ಓದಿದರು. "ಕಂಟ್ರೋಲ್ರೆ, ನನಗೆ ಗಂಡಾ ಹೆಣ್ಣಾ ಅಂತ ಕೇಳ್ಬೇಡಿ. ಜೈಲಿಗೆ ಹಾಕ್ತಾರೆ" ಎಂದರು. ಪಕ್ಕದ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಮ್ಮ ಟೋಕನ್ ಹನ್ನೆರಡು. ಹತ್ತೂವರೆಗೆ ಎಂದು ಹೇಳಿ ಹನ್ನೊಂದೂ ಹತ್ತಕ್ಕೆ ಕರೆದರು. (ಬರೆದಿದ್ದೇನೆ.)

ಈಗ ಚಪ್ಪಾಳೆಗೆ ವಾಪಸು ಬರುತ್ತೇನೆ.

ನಾನು ಯಾಕೆ ತಟ್ಟಿದೆ? ನನ್ನ ಮೂವತ್ತಮೂರು ವರ್ಷದ ಲೆಕ್ಕದಲ್ಲಿ ವೇಗ ಎಂದರೆ ರಸ್ತೆ ಖಾಲಿ ಇದೆ ಎಂದು ಅರ್ಥ. ಅಗಲ ಕಿರಿದಾದ ಸೇತುವೆಯಲ್ಲಿ ಬಸ್ಸು ನಿಧಾನ, ಸೇತುವೆ ದಾಟಿದ ಮೇಲೆ ಜೋರು. ಹಾಗಾಗಿ ಮುನ್ನೂರ ನಲವತ್ತು ಎಂದ ಕೂಡಲೇ ನನಗೆ ಕಂಡದ್ದು ಖಾಲಿ ರಸ್ತೆ.

ಡಾಕ್ಟರಮ್ಮ ಕೇಳಿದರು. "ನಿಮ್ಮ ಮನೆಯಲ್ಲಿ ಗಿಡಕ್ಕೆ ಪೈಪಿನಲ್ಲಿ ನೀರು ಬಿಡ್ತೀರಾ? ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಏನಾಗುತ್ತದೆ?"

"ನೀರು ಜೋರಾಗಿ ಚಿಮ್ಮುತ್ತದೆ."

"ಇಲ್ಲೂ ಅದೇ. ಈ ಜಾಗದಲ್ಲಿ ರಕ್ತನಾಳದ ಬಾಯಿಯನ್ನು ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದ ಹಾಗೆ ಆಗಿದೆ. ಮೇಲಿನದಕ್ಕಿಂತ ಮೂರೂವರೆ ಪಟ್ಟು ವೇಗ. ಉಳಿದಿರುವ ದಾರಿ ಅಷ್ಟು ಸಣ್ಣದು."

ಆಮೇಲೆ ಅವರು ಶಬ್ದ ಜೋರು ಮಾಡಿದರು. ಮೊದಲು ಬಲಗಾಲಿನ ಹಿಮ್ಮಡಿಯ ಹತ್ತಿರ. ಒನಕೆ ಪೆಟ್ಟಿನ ಹಾಗೆ ಗಟ್ಟಿ ಶಬ್ದ, ಅದರ ಬೆನ್ನಿಗೇ ಸಣ್ಣದೊಂದು ಮರುಪೆಟ್ಟು. ನಂತರ ಎಡಗಾಲು. ಅಲ್ಲಿ ಪೆಟ್ಟೇ ಇಲ್ಲ. ಹೂ... ಹೂ... ಎಂದು ಬೇರೆ ಕೋಣೆಯಲ್ಲಿ ಯಾರೋ ಕಾಯಿಲೆಯವರು ಮಲಗಿ ಉಸಿರು ಬಿಟ್ಟ ಹಾಗೆ. ಮೇಲೆ ಎಕ್ಸ್‌ಪ್ರೆಸ್ ಓಡುತ್ತಿತ್ತು. ಕೆಳಗೆ ಪಾದಕ್ಕೆ ಏನೂ ತಲುಪುತ್ತಿರಲಿಲ್ಲ.

ಹಸನಬ್ಬ ಈಗ ನಗುತ್ತಿರಲಿಲ್ಲ. ಮೇಲೆ ಮಾಡಿನಲ್ಲಿ ತಿರುಗುವ ಫ್ಯಾನು ನೋಡುತ್ತಿದ್ದರು.

"ಎಷ್ಟು ದೂರ ನಡೆದರೆ ಮೀನಖಂಡ ಹಿಡಿಯುತ್ತದೆ? ನಿಂತರೆ ಎಷ್ಟು ಹೊತ್ತಿಗೆ ಕಡಿಮೆಯಾಗುತ್ತದೆ? ಯಾವಾಗಿನಿಂದ?" ಡಾಕ್ಟರಮ್ಮ ಒಂದಾದ ಮೇಲೊಂದು ಕೇಳಿದರು.

ಹಸನಬ್ಬ ಮಲಗಿದಲ್ಲಿಂದಲೇ ನನ್ನ ಜೇಬಿಗೆ ಬೆರಳು ತೋರಿಸಿದರು. "ಅದೆಲ್ಲ ಇವರ ಹತ್ರ ಬರೆದದ್ದುಂಟು ಡಾಕ್ಟ್ರೆ."

ಕೊಟ್ಟೆ. ಕೊಡದೆ ಏನು ಮಾಡುವುದು? ಡಾಕ್ಟರಮ್ಮ ಕೈ ಒರೆಸಿಕೊಂಡು ಪುಟ ತಿರುಗಿಸಿದರು. ಸೆಪ್ಟೆಂಬರ್, ಆರು ನೂರ ಇಪ್ಪತ್ತು ಹೆಜ್ಜೆ. ಜನವರಿ, ನಾಲ್ಕು ನೂರು. ಜೂನ್, ಇನ್ನೂರು. ಅಕ್ಟೋಬರ್, ನೂರಕ್ಕೂ ಕಡಿಮೆ. ಪ್ರತಿ ಸಲ ಎರಡು ನಿಮಿಷ. ಹದಿನಾಲ್ಕು ತಿಂಗಳು, ಒಂದು ದಿನವೂ ತಪ್ಪಿಲ್ಲ.

"ಹೀಗೆ ಬರೆದು ತನ್ನಿ ಅಂತ ನಾವು ರೋಗಿಗಳಿಗೆ ಹೇಳುತ್ತೇವೆ" ಎಂದರು. "ಯಾರೂ ತರುವುದಿಲ್ಲ. ಇಷ್ಟು ಕ್ರಮವಾಗಿ ಬರೆದದ್ದನ್ನು ನಾನು ನೋಡಿಯೇ ಇಲ್ಲ."

ಜೀವನದಲ್ಲಿ ನನ್ನ ರಿಜಿಸ್ಟರಿಗೆ ಸಿಕ್ಕಿದ ಅತಿ ದೊಡ್ಡ ಪ್ರಶಂಸೆ ಅದು.

ಆಮೇಲೆ ಅವರು ಕೊನೆಯ ಕಾಲಂ ಓದಿದರು. ಹರಟೆ. ಹರಟೆ. ಮೀನು. ಹರಟೆ. ಬೋರ್ಡು. ಸೋಮಾರಿತನ. ನೋಟ್‌ಬುಕ್ಕನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. "ಇದನ್ನು ಇಷ್ಟರ ತನಕ ಯಾವ ಡಾಕ್ಟರಿಗೂ ತೋರಿಸಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಹೋದ ವರ್ಷ ತೋರಿಸಿದ್ದರೆ?" ಎಂದೆ.

"ಖಂಡಿತ ಅಂತ ಹೇಳಲು ಬರುವುದಿಲ್ಲ" ಎಂದರು. ಹಸನಬ್ಬರ ಹೆಬ್ಬೆರಳು ನೋಡಿ, "ಆಗ ಗಾಯ ಇರಲಿಲ್ಲ, ಅಲ್ಲವಾ?" ಎಂದರು. ಅಷ್ಟೇ.

ಬಸ್ ನಿಲ್ದಾಣದಲ್ಲಿ ನಮಗೆ ಒಂದು ಪದ್ಧತಿ ಇತ್ತು. ಒಂದೇ ಬಸ್ಸು, ಒಂದೇ ಜಾಗದಲ್ಲಿ, ಮೂರು ದಿನ ಸತತವಾಗಿ ತಡ ಮಾಡಿದರೆ ಡ್ರೈವರನಿಗೆ ಬಯ್ಯುವ ಹಾಗಿಲ್ಲ. ಬಸ್ಸನ್ನು ಡಿಪೋಗೆ ಕಳಿಸಬೇಕು. ಏರಿನಲ್ಲಿ ಎಳೆಯುವುದಿಲ್ಲವೇ, ಬ್ರೇಕ್ ಹಿಡಿಯುತ್ತಿದೆಯೇ, ಬಿಚ್ಚಿ ನೋಡಬೇಕು. ಇದನ್ನು ನಾನು ಹೊಸಬರಿಗೆ ಕಲಿಸಿದ್ದೇನೆ. ಒಮ್ಮೆ ಕಡಬದ ಬಸ್ಸೊಂದನ್ನು ಹೀಗೆಯೇ ಕಳಿಸಿ, ದೊಡ್ಡ ಅಪಘಾತ ತಪ್ಪಿಸಿದೆ ಎಂದು ಬೆನ್ನು ತಟ್ಟಿಸಿಕೊಂಡಿದ್ದೇನೆ. ಅದರ ಬಗ್ಗೆ ಇದೇ ಅಂಕಣದಲ್ಲಿ ಎರಡು ಸಲ ಬರೆದುಕೊಂಡೂ ಇದ್ದೇನೆ.

ತಗಡಿನ ಬಸ್ಸಿಗೆ ಮೂರು ದಿನ. ಹಸನಬ್ಬರಿಗೆ ಹದಿನಾಲ್ಕು ತಿಂಗಳು.

ನೀವೂ ಅಳೆಯುತ್ತೀರಿ, ಇಲ್ಲ ಅನ್ನಬೇಡಿ. ಈಗ ಎಲ್ಲರ ಕೈಯಲ್ಲೂ ಹೆಜ್ಜೆ ಎಣಿಸುವ ವಾಚು. ಎಷ್ಟು ಹೆಜ್ಜೆ, ಎಷ್ಟು ನಿದ್ದೆ, ಎಷ್ಟು ಬಡಿತ. ಸ್ಟೇಟಸ್‌ನಲ್ಲೂ ಹಾಕುತ್ತೀರಿ. ಅಂಕಿ ತಪ್ಪುವುದಿಲ್ಲ. ನನ್ನದೂ ತಪ್ಪಿರಲಿಲ್ಲ. ಯಂತ್ರ ಇಪ್ಪತ್ತು ನಿಮಿಷದಲ್ಲಿ ಹೇಳಿದ್ದನ್ನು ನನ್ನ ಪೆನ್ನು ವರ್ಷದ ಮೊದಲೇ ಬರೆದಿತ್ತು. ತಪ್ಪಿದ್ದು ಕೊನೆಯ ಕಾಲಂ ಒಂದೇ. ಅದನ್ನು ತುಂಬಿಸುವಾಗ ನಾವು ಯಾರನ್ನು ಕೇಳುತ್ತೇವೆ? ಮೆಟ್ಟಿಲ ನಡುವೆ ಹೆಂಡತಿ ನಿಂತರೆ 'ವಯಸ್ಸಾಯಿತು' ಎಂದು ಬರೆಯುತ್ತೇವೆ. ಪಾಠದ ನಡುವೆ ಮಗು ಕಣ್ಣು ಉಜ್ಜಿದರೆ 'ಓದಲು ಸೋಮಾರಿ' ಎಂದು ಬರೆಯುತ್ತೇವೆ. ಕಾಲಂ ಖಾಲಿ ಬಿಡುವ ಹಾಗಿಲ್ಲವಲ್ಲ!

ಮನೆಯವರು ಹಸನಬ್ಬರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ತೊಡೆಯ ರಕ್ತನಾಳದ ಅಡಚಣೆಯನ್ನು ಒಳಗೆ ಬಲೂನು ಉಬ್ಬಿಸಿ ಬಿಡಿಸಿದರು. ಆದರೆ ಮೊಣಕಾಲಿನ ಕೆಳಗಿನ ಸಣ್ಣ ದಾರಿಗಳೆಲ್ಲ ಆಗಲೇ ಮುಚ್ಚಿಹೋಗಿದ್ದವು. ಮೊದಲು ಹೆಬ್ಬೆರಳು ಹೋಯಿತು. ಆಮೇಲೆ ಇನ್ನೆರಡು ಬೆರಳು. ಗಾಯ ಮೇಲೆ ಮೇಲೆ ಏರಿತು. ಡಿಸೆಂಬರಿನಲ್ಲಿ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಕಾಲು ತೆಗೆದರು.

ನಾನು ಏಳೂ ಕಾಲರ ಬಸ್ಸಿಗೆ ಹೋದೆ. ವಾರ್ಡಿನಲ್ಲಿ ಹಸನಬ್ಬ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಹಾಸಿಗೆಗೆ ಸಮನಾಗಿ ಮಲಗಿತ್ತು. ನನಗೆ ಅಲ್ಲಿಂದ ಕಣ್ಣು ಕೀಳಲು ಆಗಲಿಲ್ಲ.

"ಒಂದು ಟಯರ್ ಬಿಚ್ಚಿದ್ರು ಕಂಟ್ರೋಲ್ರೆ. ಇನ್ನು ನಿಮ್ಮ ರೂಟಿಗೆ ಈ ಗಾಡಿ ಆಗುದಿಲ್ಲ" ಎಂದರು.

ನನಗೆ ನಗಲು ಬರಲಿಲ್ಲ. "ನೋವುಂಟು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ? ನೀರು, ಮೀನು, ಬೋರ್ಡು ಅಂತ ಹೇಳುದು ಎಂತಕ್ಕೆ?" ಎಂದೆ. ಧ್ವನಿ ಬಯ್ಯುವ ಹಾಗೆಯೇ ಬಂತು. ನನಗೆ ಬೇರೆ ಧ್ವನಿ ಗೊತ್ತಿಲ್ಲ.

ನೆಬಿಸಾ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ಹಸನಬ್ಬ ಹೊದಿಕೆಯ ಅಂಚು ಸರಿ ಮಾಡುತ್ತ ಹೇಳಿದರು.

"ನೋವು ಅಂತ ಹೇಳಿದ್ರೆ ನೀವು ಎಂತ ಹೇಳ್ತಿದ್ರಿ? 'ಹಾಗಾದ್ರೆ ನೀವು ಬರುದು ಬೇಡ, ಮನೆಯಲ್ಲಿ ಕೂತ್ಕೊಳ್ಳಿ' ಅಂತ. ಹೌದಾ ಅಲ್ವಾ? ಅಂಗಡಿ ಅಳಿಯನಿಗೆ ಕೊಟ್ಟಾಯ್ತು. ದಿನಕ್ಕೆ ಒಂದು ಗಂಟೆ ನನಗೆ ಅಂತ ಇದ್ದದ್ದು ಅದೇ ಮಾರಾಯ್ರೆ."

ಖಂಡಿತ ಹಾಗೆಯೇ ಹೇಳುತ್ತಿದ್ದೆ. ವಾಪಸು ಬರುವ ಬಸ್ಸು ಎಷ್ಟು ಗಂಟೆಗೆ ಪುತ್ತೂರು ಮುಟ್ಟಿತು ಎಂದು ಆ ದಿನ ಬರೆದುಕೊಳ್ಳಲಿಲ್ಲ.

ಈಗ ಹಸನಬ್ಬ ಮನೆಯಲ್ಲಿದ್ದಾರೆ. ಸಿಟೌಟಿನಲ್ಲಿ ಒಂದು ಕುರ್ಚಿ, ಪಕ್ಕದಲ್ಲಿ ವಾಕರ್. ಕೃತಕ ಕಾಲಿಗೆ ಅಳತೆ ಕೊಡಲು ಇನ್ನೂ ಸಮಯವಿದೆಯಂತೆ. ಬಲಗಾಲಿನದ್ದೂ ಡಾಪ್ಲರ್ ಮಾಡಿದ್ದಾರೆ. ಅಲ್ಲೂ ಒಂದು ಕಡೆ ವೇಗ ಏರುತ್ತಿದೆ. ಆ ಅಂಕಿ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.

ನಾನು ವಾಕಿಂಗ್ ಬಿಟ್ಟಿಲ್ಲ. ಅದೇ ಐದೂ ಐವತ್ತು, ಅದೇ ದಾರಿ. ಹಾಲಿನ ಸೊಸೈಟಿಯವರು "ಹಸನಬ್ಬ ಹಾಜಿಯವರು ಹೇಗಿದ್ದಾರೆ?" ಎಂದು ಕೇಳುತ್ತಾರೆ. ಅವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ. ಅವರ ಮಕ್ಕಳ ಮಾರ್ಕೂ ಗೊತ್ತಿಲ್ಲ. ಕಟ್ಟೆ ಮುಟ್ಟಿ ಬಂದು, ಆರೂ ನಲವತ್ತೈದಕ್ಕೆ ಹಸನಬ್ಬರ ಸಿಟೌಟಿನಲ್ಲಿ ಚಾ. ಅದೊಂದು ಬದಲಾಗಬಾರದು ಎಂದು ನೆಬಿಸಾ ಹೇಳಿದ್ದಾರೆ.

ಕಳೆದ ಸೋಮವಾರ ವಾಪಸು ಬರುವಾಗ ನಾನು ಮೋರಿಯ ಹತ್ತಿರ ನಿಂತೆ. ಯಾಕೆ ಎಂದು ಹೇಳಲಾರೆ. ತಡೆಗೋಡೆ ಹಿಡಿದು ಕೆಳಗೆ ಬಗ್ಗಿದೆ. ನೀರಿಲ್ಲ. ಒಂದಿಷ್ಟು ಪ್ಲಾಸ್ಟಿಕ್, ಒಣಗಿದ ಎಲೆ. ತಡೆಗೋಡೆಯ ಒಂದು ಜಾಗದಲ್ಲಿ ಸಿಮೆಂಟು ನಯವಾಗಿ ಸವೆದಿತ್ತು. ಅಲ್ಲಿ ನನ್ನ ಕೈ ಸರಿಯಾಗಿ ಕೂತಿತು. ವಾಚು ನೋಡಲಿಲ್ಲ. ಆದರೂ ಎರಡು ನಿಮಿಷ ಎಂದು ಗೊತ್ತಾಯಿತು.

ಗೇಟು ತೆರೆಯುವಾಗ ಹಸನಬ್ಬ ಕುರ್ಚಿಯಿಂದಲೇ ಕೈಯ ವಾಚನ್ನು ಎತ್ತಿ ತೋರಿಸಿದರು. ನೆಬಿಸಾ ತಂದಿಟ್ಟ ಚಾ ತಣಿಯುತ್ತಿತ್ತು.

"ಎರಡು ನಿಮಿಷ ಲೇಟು ಕಂಟ್ರೋಲ್ರೆ! ಕಾರಣ ಹೇಳಿ, ಕಾರಣ!"

"ಮೋರಿಯ ಹತ್ರ ಸ್ವಲ್ಪ ನಿಂತೆ" ಎಂದೆ.

ಅವರ ಮುಖದ ನಗು ಆರಿತು. ವಾಕರ್ ಹಿಡಿದು ಮುಂದೆ ಬಗ್ಗಿ ನನ್ನ ಕಾಲನ್ನೇ ನೋಡಿದರು.

"ಯಾಕೆ? ಕಾಲು ನೋಯ್ತದಾ?"

ಹದಿನಾಲ್ಕು ತಿಂಗಳಲ್ಲಿ ನಾನು ಒಮ್ಮೆಯೂ ಕೇಳದ ಪ್ರಶ್ನೆ; ಅವರಿಗೆ ಎರಡು ನಿಮಿಷ ಸಾಕಾಯಿತು.